ವಿಸ್ಕಾನ್ಸಿನ್‌ನ ಅತಿ ಶ್ರೇಷ್ಠ ರನ್ನಿಂಗ್ ಬ್ಯಾಕ್ ಯಾರು? ಮೊದಲು ಲೆಕ್ಕ ಸರಿ ಮಾಡಿಕೊಳ್ಳೋಣ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ಗೆ ಓದಲೋ ಕೆಲಸಕ್ಕೋ ಬಂದ ಕನ್ನಡದವರು ಕ್ಯಾಂಪ್ ರಾಂಡಲ್ ಕ್ರೀಡಾಂಗಣದಲ್ಲಿ ಒಂದೆರಡು ಶನಿವಾರ ಕಳೆದರೆ ಸಾಕು, ತಪ್ಪದೆ ಒಂದು ಪ್ರಶ್ನೆ ಕೇಳುತ್ತಾರೆ: ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಆಡಿದ ರನ್ನಿಂಗ್ ಬ್ಯಾಕ್‌ಗಳಲ್ಲಿ (ಚೆಂಡು ಹಿಡಿದು ಓಡುವವರಲ್ಲಿ) ಎಲ್ಲರಿಗಿಂತ ದೊಡ್ಡವನು ಯಾರು? ರಾನ್ ಡೇನ್, ಜೊನಾಥನ್ ಟೇಲರ್, ಮೆಲ್ವಿನ್ ಗಾರ್ಡನ್, ಮಾಂಟೀ ಬಾಲ್, ಹಳೆಯವರ ಬಾಯಲ್ಲಿ ಅಲನ್ ಅಮೀಚಿ. ಐದು ಹೆಸರು, ಹತ್ತು ವಾದ.

ನನ್ನ ಉತ್ತರ ರಾನ್ ಡೇನ್. ಆದರೆ ಈ ಜಗಳ ಬಗೆಹರಿಯದೆ ಉಳಿದಿರುವುದು ಅಭಿಮಾನದಿಂದಲ್ಲ, ಒಬ್ಬೊಬ್ಬರೂ ಒಂದೊಂದು ಪಟ್ಟಿ ಹಿಡಿದು ಮಾತಾಡುವುದರಿಂದ.

ಆಟ ಹೊಸದಾಗಿದ್ದವರಿಗೆ ಎರಡು ಮಾತು. ನಾಲ್ಕು ಅವಕಾಶಗಳಲ್ಲಿ 10 ಯಾರ್ಡ್ ಮುಂದೆ ಹೋದರೆ ಚೆಂಡು ತಂಡದ ಬಳಿಯೇ ಉಳಿಯುತ್ತದೆ. ನಾಲ್ಕನೆಯ ಅವಕಾಶದಲ್ಲಿ ಹೆಚ್ಚಿನ ತಂಡಗಳು ಚೆಂಡನ್ನು ಒದ್ದು ಎದುರಾಳಿಗೆ ಕೊಟ್ಟುಬಿಡುವುದರಿಂದ ಕೈಯಲ್ಲಿರುವುದು ಮೂರೇ ಎನ್ನಬಹುದು. ಹಾಗಾಗಿ ಚೆಂಡು ಹಿಡಿದು ಓಡುವವನು ಪ್ರತಿ ಓಟಕ್ಕೆ ಸರಾಸರಿ 4 ಯಾರ್ಡ್ ತಂದರೆ ಕೆಲಸ ನಡೆಯುತ್ತದೆ, 5 ತಂದರೆ ಒಳ್ಳೆಯವನು. ವರ್ಷಕ್ಕೆ 300 ಓಟ ಓಡಿಯೂ 6 ದಾಟಿದರೆ ಅವನ ಹೆಸರು ದೇಶಕ್ಕೆಲ್ಲ ಗೊತ್ತಾಗುತ್ತದೆ.

ಈಗ ಲೆಕ್ಕ. ಡೇನ್ 1996ರಿಂದ 1999ರವರೆಗೆ ಓಡಿದ್ದು 7,125 ಯಾರ್ಡ್. ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ದಾಖಲೆಯಲ್ಲಿರುವುದು 6,397. ನಡುವಿನ 728 ಯಾರ್ಡ್ ಎಲ್ಲಿ ಹೋಯಿತು? ಋತುವಿನ ಕೊನೆಯಲ್ಲಿ ನಡೆಯುವ ಬೌಲ್ ಪಂದ್ಯಗಳಲ್ಲಿ. ಅವುಗಳ ಅಂಕಿಗಳನ್ನು ಎನ್‌ಸಿಎಎ ಆಟಗಾರನ ಖಾತೆಗೆ ಸೇರಿಸಲು ಶುರುಮಾಡಿದ್ದು 2002ರಲ್ಲಿ. ಹಳಬರಿಗೆ ಅದನ್ನು ಹಿಂದಕ್ಕೆ ಅನ್ವಯಿಸಲಿಲ್ಲ. ಡೇನ್ ಆಡಿದ ನಾಲ್ಕು ಬೌಲ್‌ಗಳು ಹೀಗಿವೆ: 1996ರ ಕಾಪರ್ ಬೌಲ್‌ನಲ್ಲಿ 246, 1998ರ ಔಟ್‌ಬ್ಯಾಕ್ ಬೌಲ್‌ನಲ್ಲಿ ಬರೀ 36, 1999ರ ರೋಸ್ ಬೌಲ್‌ನಲ್ಲಿ ಮತ್ತೆ 246, 2000ದ ರೋಸ್ ಬೌಲ್‌ನಲ್ಲಿ 200. ರಣಜಿ ಫೈನಲ್‌ನಲ್ಲಿ ಹೊಡೆದ ಶತಕ ಲೆಕ್ಕಕ್ಕಿಲ್ಲ ಎಂದರೆ ಹೇಗಿರುತ್ತದೋ ಹಾಗಿದೆ ಇದು.

2016ರಲ್ಲಿ ಸ್ಯಾನ್ ಡಿಯಾಗೋ ಸ್ಟೇಟ್‌ನ ಡಾನೆಲ್ ಪಂಫ್ರಿ 6,405ಕ್ಕೆ ಮುಟ್ಟಿ, 8 ಯಾರ್ಡ್ ಅಂತರದಲ್ಲಿ ಅಧಿಕೃತ ದಾಖಲೆ ಪಡೆದ. ಅವನ ಲೆಕ್ಕದಲ್ಲಿ ಬೌಲ್ ಪಂದ್ಯಗಳಿವೆ, ಡೇನ್‌ನ ಲೆಕ್ಕದಲ್ಲಿಲ್ಲ. ಮ್ಯಾಡಿಸನ್‌ನಲ್ಲಿ ಯಾರೂ ಇದನ್ನು ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಆದರೆ ವಾದಕ್ಕಿಳಿಯುವಾಗ ಒಂದು ಎಚ್ಚರ ಬೇಕು. ಟೇಲರ್, ಗಾರ್ಡನ್, ಬಾಲ್ ಮೂವರ ಅಂಕಿಗಳಲ್ಲೂ ಬೌಲ್ ಸೇರಿಯೇ ಇದೆ. ಅವರ ಪಕ್ಕದಲ್ಲಿ 6,397 ಇಟ್ಟು ಹೋಲಿಸುವವರು ಮೊದಲ ಹೆಜ್ಜೆಯಲ್ಲೇ ಎಡವಿರುತ್ತಾರೆ.

ಎರಡನೆಯದು, ಒಟ್ಟು ಯಾರ್ಡ್ ಜೊತೆಗೆ ಎಷ್ಟು ಓಟ ಎಂದು ನೋಡಬೇಕು. ಬೌಲ್ ಸೇರಿಸಿದರೆ ಡೇನ್‌ನದು 1,220 ಓಟ, ಸರಾಸರಿ 5.8. ಟೇಲರ್‌ನದು 926 ಓಟಕ್ಕೆ 6,174 ಯಾರ್ಡ್, ಸರಾಸರಿ 6.7, ಅದೂ ಮೂರೇ ವರ್ಷದಲ್ಲಿ (1,977, 2,194, 2,003). ಗಾರ್ಡನ್ 631 ಓಟಕ್ಕೆ 4,915, ಸರಾಸರಿ 7.8. ಸರಾಸರಿ ಮಾತ್ರ ನೋಡಿದರೆ ಗಾರ್ಡನ್‌ಗೆ ಕಿರೀಟ ಕೊಟ್ಟು ಮನೆಗೆ ಹೋಗಬಹುದು. ಆದರೆ ಅವನ ಮೊದಲ ಪೂರ್ಣ ಋತುಗಳಲ್ಲಿ ಬಾಲ್ ಮತ್ತು ಜೇಮ್ಸ್ ವೈಟ್ ಭಾರ ಹಂಚಿಕೊಂಡಿದ್ದರು. 2012ರಲ್ಲಿ, ವಿಸ್ಕಾನ್ಸಿನ್ ಆಡುವ ಬಿಗ್ ಟೆನ್ ಕೂಟದ ಫೈನಲ್‌ನಲ್ಲಿ ನೆಬ್ರಾಸ್ಕಾವನ್ನು 70–31ರಿಂದ ಬಗ್ಗುಬಡಿದಾಗ ಬಾಲ್‌ಗೆ 21 ಓಟದಲ್ಲಿ 202 ಯಾರ್ಡ್, ಗಾರ್ಡನ್‌ಗೆ ಬರೀ 9 ಓಟದಲ್ಲಿ 216. ಆ ದಿನ ಅವನ ಓಟಗಳಲ್ಲಿ ಹೆಚ್ಚಿನವು ಜೆಟ್ ಸ್ವೀಪ್: ಬದಿಯಿಂದ ವೇಗ ಹಿಡಿದು ಬರುತ್ತಲೇ ಚೆಂಡು ಪಡೆದು ಅಂಚಿನಲ್ಲಿ ನುಗ್ಗುವುದು. ರಕ್ಷಣೆಯವರೆಲ್ಲ ನಡುವಿನಲ್ಲಿ ಬಾಲ್‌ನನ್ನು ಕಾಯುತ್ತಿದ್ದಾಗ ಅಂಚು ಖಾಲಿಯಾಗಿತ್ತು. ಅಂಥ 9 ಓಟವನ್ನೂ ಡೇನ್ ಮೂರನೆಯ ಅವಕಾಶದಲ್ಲಿ 2 ಯಾರ್ಡ್‌ಗಾಗಿ ನುಗ್ಗಿದ ಓಟವನ್ನೂ ಒಂದೇ ಸರಾಸರಿಗೆ ಹಾಕಿದರೆ ನ್ಯಾಯ ಸಿಗುವುದಿಲ್ಲ.

ಹಾಗಂತ ಗಾರ್ಡನ್‌ನ 2014ನ್ನು ಯಾರೂ ಕಡೆಗಣಿಸುವಂತಿಲ್ಲ. ಒಂದೇ ಋತುವಿನಲ್ಲಿ 343 ಓಟ, 2,587 ಯಾರ್ಡ್, 29 ಟಚ್‌ಡೌನ್ (ಎದುರಾಳಿಯ ಕೊನೆಯ ಗೆರೆಯಾಚೆಯ ಎಂಡ್ ಝೋನ್‌ಗೆ ಚೆಂಡು ದಾಟಿಸುವುದು). ಆ ವರ್ಷ ತಂಡದ ಪಾಸಿಂಗ್ (ಚೆಂಡನ್ನು ಮುಂದಕ್ಕೆ ಎಸೆಯುವ ಆಟ) ಎಷ್ಟು ಬಡವಾಗಿತ್ತೆಂದರೆ, ಋತುವಿನ ಆರಂಭದಲ್ಲಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಆಗಿದ್ದ ಟ್ಯಾನರ್ ಮೆಕಿವೊಯ್ ಮುಂದೆ ವೃತ್ತಿಪರ ಲೀಗ್‌ಗೆ ಹೋದದ್ದು ಪಾಸ್ ಹಿಡಿಯುವವನಾಗಿ. ಗಾರ್ಡನ್ ಓಡುತ್ತಾನೆ ಎಂದು ಎದುರಾಳಿಗೂ ಗೊತ್ತು, ಗ್ಯಾಲರಿಗೂ ಗೊತ್ತು. ನವೆಂಬರ್ 15ರಂದು, ಹಿಮ ಉದುರುತ್ತಿದ್ದಾಗ, ನೆಬ್ರಾಸ್ಕಾ ವಿರುದ್ಧ 25 ಓಟದಲ್ಲಿ 408 ಯಾರ್ಡ್ ಓಡಿದ. ಮೂರನೆಯ ಕ್ವಾರ್ಟರ್‌ನ ಕೊನೆಯ ಆಟದಲ್ಲಿ 26 ಯಾರ್ಡ್ ಓಡಿ ಟಚ್‌ಡೌನ್ ಮಾಡಿದಾಗ, 1999ರಲ್ಲಿ ಲಾಡೇನಿಯನ್ ಟಾಮ್ಲಿನ್‌ಸನ್ ಬರೆದಿದ್ದ 406ರ ದಾಖಲೆ ಮುರಿಯಿತು. ನಾಲ್ಕನೆಯ ಕ್ವಾರ್ಟರ್‌ನಲ್ಲಿ ಅವನನ್ನು ಆಡಿಸಲೇ ಇಲ್ಲ. ಒಂದೇ ವಾರದಲ್ಲಿ ಒಕ್ಲಹೋಮದ ಸಮಾಜೆ ಪೆರೈನ್ 427 ಓಡಿ ದಾಖಲೆ ಕಿತ್ತುಕೊಂಡ, ಅದು ಬೇರೆ ಮಾತು. ಒಂದು ಋತು ಮಾತ್ರ ಎಂದು ಪ್ರಶ್ನೆ ಕಟ್ಟಿದರೆ ನನ್ನ ಉತ್ತರ ಗಾರ್ಡನ್, ಎರಡು ಮಾತಿಲ್ಲ. ಆದರೆ ಅದೇ ಋತುವಿನ ಬಿಗ್ ಟೆನ್ ಫೈನಲ್‌ನಲ್ಲಿ ಓಹಾಯೊ ಸ್ಟೇಟ್ 59–0ರಿಂದ ಗೆದ್ದಾಗ ಅವನಿಗೆ ದಕ್ಕಿದ್ದು 26 ಓಟದಲ್ಲಿ 76 ಯಾರ್ಡ್. ಪಾಸಿಂಗ್ ಹೆದರಿಕೆ ಇಲ್ಲದಿದ್ದರೆ ಎಂಥ ಓಟಗಾರನನ್ನೂ ಕಟ್ಟಿಹಾಕಬಹುದು.

ಇದಕ್ಕೆ ತಿರುವುಮುರುವು ಉದಾಹರಣೆ ಬಾಲ್. 2011ರಲ್ಲಿ 39 ಟಚ್‌ಡೌನ್ (ಓಡಿ 33, ಪಾಸ್ ಹಿಡಿದು 6), ಬ್ಯಾರಿ ಸ್ಯಾಂಡರ್ಸ್‌ನ 1988ರ ದಾಖಲೆಗೆ ಸಮ. ಅಲ್ಲೂ ಅದೇ ಬೌಲ್ ಗೊಂದಲ: ಸ್ಯಾಂಡರ್ಸ್ ಆ 39 ಮಾಡಿದ್ದು 11 ಪಂದ್ಯದಲ್ಲಿ, ಬಾಲ್ 14ರಲ್ಲಿ. ಮೇಲಾಗಿ ಆ ವರ್ಷ ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್. ಪಾಸ್‌ಗೆ ಹೆದರಿ ರಕ್ಷಣೆ ಹಿಂದೆ ಸರಿದರೆ ಮುಂದೆ ದಾರಿ ತಾನೇ ಬಿಡುತ್ತದೆ. ಎಂಡ್ ಝೋನ್ ಹತ್ತಿರ ತಡವರಿಸದೆ ಚೆಂಡು ಒಳಗೆ ದಾಟಿಸುವ ಬುದ್ಧಿ ಬಾಲ್‌ಗೆ ಇತ್ತು, ಆದರೆ ನಾಲ್ವರಲ್ಲಿ ಅವನನ್ನು ಕೊನೆಗಿಡುತ್ತೇನೆ.

ಓಟಕ್ಕೆ ದಾರಿ ಮಾಡಿಕೊಡುವ ಮುಂದಿನ ಸಾಲಿನವರ ಮಾತಾಡದೆ ವಿಸ್ಕಾನ್ಸಿನ್ ಬಗ್ಗೆ ಮಾತಾಡಿದರೆ ಅರ್ಧ ಕಥೆ. 1990ರಲ್ಲಿ ಬಂದ ಕೋಚ್ ಬ್ಯಾರಿ ಅಲ್ವಾರೆಝ್ ಮೊದಲು ಕಟ್ಟಿದ್ದು ಅದನ್ನೇ. ಇಲ್ಲಿನ ಹಳೆಯ ಆಟ ‘ಪವರ್’ ನೋಡಿ: ಓಟದ ದಿಕ್ಕಿಗೆ ವಿರುದ್ಧ ಬದಿಯ ಗಾರ್ಡ್ (ಮುಂದಿನ ಸಾಲಿನವನೊಬ್ಬ) ತನ್ನ ಜಾಗ ಬಿಟ್ಟು ಆಚೆ ಬದಿಗೆ ಓಡುತ್ತಾನೆ, ಓಡುವವನಿಗೆ ಮುಂದೆ ದಾರಿ ಮಾಡುವ ಫುಲ್‌ಬ್ಯಾಕ್ ಅಂಚಿನ ಎದುರಾಳಿಯನ್ನು ಹೊರಗೆ ದಬ್ಬುತ್ತಾನೆ, ಇಬ್ಬರ ನಡುವೆ ತೆರೆದ ಸಂದಿಯಲ್ಲಿ ಗಾರ್ಡ್‌ನ ಬೆನ್ನಿಗೇ ರನ್ನಿಂಗ್ ಬ್ಯಾಕ್ ನುಗ್ಗುತ್ತಾನೆ. ಕೆಡುವುದು ಎಲ್ಲಿ? ಓಡುವವನು ಗಾರ್ಡ್‌ಗಿಂತ ಅರ್ಧ ಹೆಜ್ಜೆ ಮುಂಚೆ ತಲುಪಿದರೆ ಸಂದಿಯೇ ಇರುವುದಿಲ್ಲ, ತಡವಾದರೆ ಹಿಂದಿನಿಂದ ಹಿಡಿಯುತ್ತಾರೆ. 250 ಪೌಂಡ್ ದಾಟಿದ್ದ ಡೇನ್‌ನಲ್ಲಿ ಬರೀ ತೂಕ ನೋಡುವವರು ಈ ಕಾಯುವಿಕೆಯನ್ನು ಗಮನಿಸುವುದಿಲ್ಲ. ಅಷ್ಟು ದೊಡ್ಡ ಮೈಯನ್ನು ಎರಡು ಚಿಕ್ಕ ಹೆಜ್ಜೆಯಲ್ಲಿ ಬೇರೆ ದಿಕ್ಕಿಗೆ ತಿರುಗಿಸುತ್ತಿದ್ದ.

ಟೇಲರ್ ಪರ ವಾದ ನಿಜಕ್ಕೂ ಗಟ್ಟಿ. ಡೇನ್‌ಗಿಂತ ವೇಗ, ನಾಲ್ಕನೆಯ ವರ್ಷ ಆಡಿದ್ದರೆ 7,125 ಉಳಿಯುತ್ತಿರಲಿಲ್ಲ. ದೇಶದ ಅತ್ಯುತ್ತಮ ರನ್ನಿಂಗ್ ಬ್ಯಾಕ್‌ಗೆ ಕೊಡುವ ಡೋಕ್ ವಾಕರ್ ಪ್ರಶಸ್ತಿ 2018, 2019 ಎರಡೂ ವರ್ಷ ಅವನಿಗೇ. ಅವನ ದೌರ್ಬಲ್ಯ ಚೆಂಡು ಕೈಬಿಡುವುದು, ಮೂರು ವರ್ಷವೂ ಹೋಗಲಿಲ್ಲ. ಜೊತೆಗೆ 2020ರ ರೋಸ್ ಬೌಲ್‌ನಲ್ಲಿ ಒರೆಗನ್ 28–27ರಿಂದ ಗೆದ್ದಾಗ ಅವನದು 94 ಯಾರ್ಡ್. ಡೇನ್ ಅದೇ ರೋಸ್ ಬೌಲ್‌ನಲ್ಲಿ ಎರಡು ವರ್ಷ ಸತತ ಗೆದ್ದ, ಎರಡೂ ಸಲ ಪಂದ್ಯದ ಶ್ರೇಷ್ಠ ಆಟಗಾರನಾದ. ಬಿಗ್ ಟೆನ್‌ನ ಯಾವ ತಂಡವೂ ಅದಕ್ಕೆ ಮುಂಚೆ ರೋಸ್ ಬೌಲನ್ನು ಸತತ ಎರಡು ಸಲ ಗೆದ್ದಿರಲಿಲ್ಲ. ನನ್ನ ತಕ್ಕಡಿ ವಾಲುವುದು ಇಲ್ಲಿ.

‘ವೃತ್ತಿಪರ ಲೀಗ್‌ನಲ್ಲಿ ಡೇನ್ ಏನು ಮಾಡಿದ?’ ಎಂಬ ಪ್ರಶ್ನೆಯನ್ನು ಈ ಚರ್ಚೆಗೆ ತರಲೇಬೇಡಿ. ಅದು ಬೇರೆ ಪ್ರಶ್ನೆ, ಅದಕ್ಕೆ ಉತ್ತರ ಟೇಲರ್: 2021ರಲ್ಲಿ 1,811 ಯಾರ್ಡ್ ಓಡಿ ಇಡೀ ಲೀಗ್‌ಗೆ ಮೊದಲಿಗ.

ಅಮೀಚಿಯನ್ನು ಇದೇ ತಕ್ಕಡಿಯಲ್ಲಿ ತೂಗುವುದು ಕಷ್ಟ. 1954ರಲ್ಲಿ ಕಾಲೇಜು ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಗೆದ್ದಾಗ ಅವನು ಆ ಋತುವಿನಲ್ಲಿ ಓಡಿದ್ದು 641 ಯಾರ್ಡ್. ಈಗಿನವರಿಗೆ ನಗು ಬರಬಹುದು. ಆದರೆ 1953ರಲ್ಲಿ ಬದಲಿ ಆಟಗಾರರ ನಿಯಮ ಬಿಗಿಯಾಗಿ, ದಾಳಿಯಲ್ಲಿ ಆಡಿದವನೇ ರಕ್ಷಣೆಯಲ್ಲೂ ನಿಲ್ಲಬೇಕಾಗಿತ್ತು. ಅವನು ಲೈನ್‌ಬ್ಯಾಕರ್ ಆಗಿಯೂ ಆಡುತ್ತಿದ್ದ. ನಾಲ್ಕು ವರ್ಷದ 3,212 ಯಾರ್ಡ್ ಆ ಕಾಲಕ್ಕೆ ಇಡೀ ದೇಶದ ದಾಖಲೆ. ಅವನ 35, ಡೇನ್‌ನ 33, ಈ ಎರಡು ಸಂಖ್ಯೆಗಳ ಜೆರ್ಸಿ ಇನ್ನು ಯಾರಿಗೂ ಕೊಡುವುದಿಲ್ಲ.

ಇನ್ನು ಮುಂದೆ ಡೇನ್‌ನನ್ನು ಯಾರಾದರೂ ದಾಟುತ್ತಾರಾ? ನಾಲ್ಕು ವರ್ಷ, ವರ್ಷಕ್ಕೆ ಸುಮಾರು 1,780 ಯಾರ್ಡ್ ಬೇಕು. ಅಷ್ಟು ಓಡಬಲ್ಲವನು ಮೂರನೆಯ ವರ್ಷ ಮುಗಿದೊಡನೆ ವೃತ್ತಿಪರ ಲೀಗ್‌ಗೆ ಹೋಗುತ್ತಾನೆ. ಬ್ರೇಲನ್ ಆಲನ್ ಮೂರು ಋತುವಿನಲ್ಲಿ 3,494 ಓಡಿ 2023ರ ನಂತರ ಹೊರಟುಹೋದ. ಹೋಗದೆ ಉಳಿದವನನ್ನು ಬೇರೆ ವಿಶ್ವವಿದ್ಯಾಲಯಗಳು ಹಣ ಕೊಟ್ಟು ಕರೆಯುತ್ತವೆ, ಮೊದಲಿನ ಹಾಗೆ ಒಂದು ವರ್ಷ ಬೆಂಚಿನಲ್ಲಿ ಕೂರದೆ ನೇರವಾಗಿ ಅಲ್ಲಿ ಆಡಬಹುದು. ಕೋಚ್‌ಗಳೂ ಈಗ ಒಬ್ಬನಿಗೇ ಋತುವಿಗೆ 300 ಓಟ ಕೊಡುವುದು ಅಪರೂಪ.