ಬೊಲೆರೊ ನೆತ್ತಿಯ ಮೇಲೆ 61 ಕೆಜಿ

ಬೊಲೆರೊ ಟಾಪಿನ ಮೇಲೆ ಕೂರಿಸಿ, ರಾತ್ರಿ ಅಲ್ಲೇ ಬಿಚ್ಚಿ ಮಲಗುವ ಟೆಂಟು ತಂದಿದ್ದೆವು. ಅದರ ಡಬ್ಬದ ಮೇಲೆ 52 ಕೆಜಿ ಎಂದು ಅಚ್ಚಾಗಿತ್ತು. ಹಾಸನದ ಶೆಡ್ಡಿನಲ್ಲಿ ಕಾಫಿ ಮೂಟೆ ತೂಗುವ ತಕ್ಕಡಿಯ ಮೇಲೆ ಏಣಿ, ಹಾಸಿಗೆ, ಮೇಲ್ಹೊದಿಕೆ, ಕ್ಲಾಂಪುಗಳನ್ನೆಲ್ಲ ಸೇರಿಸಿ ಇಟ್ಟಾಗ 61 ತೋರಿಸಿತು. ಡಬ್ಬದ ಲೆಕ್ಕದಲ್ಲಿ ಏಣಿಯನ್ನೂ ಹಿಡಿದಿರಲಿಲ್ಲ, ಕ್ಲಾಂಪನ್ನೂ ಹಿಡಿದಿರಲಿಲ್ಲ. ತಕ್ಕಡಿಗೆ ಏರಿಸದ ಟೆಂಟನ್ನು ಗಾಡಿಗೆ ಏರಿಸಬೇಡಿ.

ಕ್ಯಾರಿಯರಿಗೂ ತೂಕವಿದೆ ಎನ್ನುವುದನ್ನು ತುಂಬಾ ಜನ ಮರೆಯುತ್ತಾರೆ. ಮೂರು ಅಡ್ಡಪೈಪು, ಆರು ಕಾಲು ಸೇರಿ ಇಲ್ಲಿ 17 ಕೆಜಿ. ಒಟ್ಟು 78. ಟಾಪಿನ ಮೇಲೆ ಎಷ್ಟು ಹೇರಬಹುದು ಎಂಬ ಮಿತಿಯನ್ನು ಗಾಡಿಯ ಜೊತೆ ಬರುವ ಪುಸ್ತಕದಲ್ಲಿ ನೋಡಬೇಕು. ಕ್ಯಾರಿಯರ್ ತಯಾರಿಸಿದವರು ಕೊಡುವ ಮಿತಿ ಬೇರೆ. ಎರಡರಲ್ಲಿ ಯಾವುದು ಚಿಕ್ಕದೋ ಅದೇ ಲೆಕ್ಕಕ್ಕೆ ಬರುತ್ತದೆ. ಮಿತಿ 100 ಕೆಜಿ ಎಂದಿಟ್ಟುಕೊಂಡರೆ 22 ಉಳಿಯಿತು. ಆ ಜಾಗಕ್ಕೆ ನೀರಿನ ಕ್ಯಾನು, ಜಾಕು ತುಂಬಲು ಹೋಗಬಾರದು. ಮಳೆಯಲ್ಲಿ ನೆನೆದ ಬಟ್ಟೆಯನ್ನು ಮಡಚಿ ಹೊರಟ ದಿನ ಅದರಲ್ಲಿ ಒಂದಿಷ್ಟನ್ನು ಟೆಂಟೇ ತಿನ್ನುತ್ತದೆ.

ಈ ಮಿತಿ ಓಡುವ ಗಾಡಿಯದು. ನಿಂತ ಗಾಡಿಯ ಮೇಲೆ 70 ಕೆಜಿಯ ಇಬ್ಬರು ಮಲಗಿದರೆ ಒಟ್ಟು ಭಾರ 218 ಕೆಜಿ ಆಗುತ್ತದೆ, ಆದರೂ ಟಾಪು ತಾಳುತ್ತದೆ. ಯಾಕೆಂದರೆ ಆ ಭಾರ ಅಲುಗುವುದಿಲ್ಲ. ಓಡುವಾಗ ಹಾಗಲ್ಲ. ಹೊಂಡಕ್ಕೆ ಚಕ್ರ ಬಿದ್ದು ಎದ್ದ ಕ್ಷಣದಲ್ಲಿ 78 ಕೆಜಿ ಅದರ ಕೆಲವು ಪಟ್ಟಾಗಿ ಗುದ್ದುತ್ತದೆ. ಜೋರಾಗಿ ಬ್ರೇಕ್ ಹಿಡಿದರೆ ಮುಂದಕ್ಕೆ ನುಗ್ಗುತ್ತದೆ. ಘಾಟಿಯ ತಿರುವಿನಲ್ಲಿ ಪಕ್ಕಕ್ಕೆ ಎಳೆಯುತ್ತದೆ. ನಟ್ಟು ಬೋಲ್ಟು ಸೋಲುವುದು ಈ ಎಳೆದಾಟದಲ್ಲಿ.

ಬೊಲೆರೊ ಈ ಕೆಲಸಕ್ಕೆ ಒಗ್ಗುವುದು ಅದರ ಗಟರಿನಿಂದಾಗಿ. ಟಾಪಿನ ಎರಡು ಅಂಚಿಗೂ ಮಳೆನೀರು ಹರಿಯಲು ಮಡಚಿದ ತಗಡಿನ ದೋಣಿ ಇದೆಯಲ್ಲ, ಕ್ಯಾರಿಯರಿನ ಕಾಲು ಕೂರುವುದು ಅದರಲ್ಲಿ. ಭಾರ ಅಲ್ಲಿಂದ ನೇರವಾಗಿ ಬಾಗಿಲ ಪಕ್ಕದ ಕಂಬಗಳಿಗೆ ಇಳಿಯುತ್ತದೆ, ನಡುವಿನ ತಗಡಿಗೆ ಬೀಳುವುದಿಲ್ಲ. ಹೊಸ ಎಸ್‌ಯುವಿಗಳಲ್ಲಿ ಎದ್ದು ಕಾಣುವ ರೂಫ್ ರೇಲುಗಳನ್ನು ನಂಬುವ ಮೊದಲು ಪುಸ್ತಕ ತೆಗೆದು ನೋಡಿ. ಎಷ್ಟೋ ಗಾಡಿಗಳಲ್ಲಿ ಅವು ಬರೀ ಅಲಂಕಾರಕ್ಕೆ ಇಟ್ಟವು, ಭಾರಕ್ಕಲ್ಲ. 2020ರ ಥಾರ್ ಹಾರ್ಡ್‌ಟಾಪಿನ ಚಾವಣಿ ತಗಡಿನದಲ್ಲ, ಅಚ್ಚೊತ್ತಿದ ಕಾಂಪೊಸಿಟ್‌ನದು, ಅಂದರೆ ನಾರು ಬೆರೆಸಿದ ಪ್ಲಾಸ್ಟಿಕ್ಕಿನದು. ಅದರ ಮೇಲೆ ಟೆಂಟ್ ಬೇಕೆನ್ನುವವರು ಬಾಡಿಯಿಂದಲೇ ಎದ್ದು ಬರುವ ಹೊರಗಿನ ಫ್ರೇಮ್ ಮಾಡಿಸಬೇಕು. ಚಾವಣಿಗೇ ತೂತು ಹೊಡೆದು ಬೋಲ್ಟ್ ಹಾಕಿಸುವುದು ತಪ್ಪು.

ಗಟರಿದ್ದ ಮಾತ್ರಕ್ಕೆ ಆಗಲಿಲ್ಲ, ಅದು ಗಟ್ಟಿಯಿರಬೇಕು. ಬ್ರಷ್ಷಿನಿಂದ ಮಣ್ಣು, ಎಲೆ ತೆಗೆದು, ಕಾಲು ಕೂರುವ ಆರು ಜಾಗದಲ್ಲೂ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿದೆವು. ಪೇಂಟು ಉಬ್ಬಿದ ಕಡೆ ತುದಿ ಒಳಗಿಳಿದರೆ ತಗಡು ತುಕ್ಕು ತಿಂದಿದೆ ಎಂದರ್ಥ. ಅಂಥ ಜಾಗಕ್ಕೆ ಕಾಲು ಕೊಡಬಾರದು. ಮುಂದಿನ ಮತ್ತು ಹಿಂದಿನ ಪೈಪಿನ ನಡುವೆ 90 ಸೆಂಟಿಮೀಟರ್ ಅಂತರ ಬಿಟ್ಟು, ಮೂರನೆಯದನ್ನು ನಡುವೆ ಇಟ್ಟೆವು. ಪೈಪುಗಳು ಹತ್ತಿರವಾದಷ್ಟೂ ಟೆಂಟು ತಕ್ಕಡಿಯಂತೆ ಮುಂದಕ್ಕೂ ಹಿಂದಕ್ಕೂ ತೂಗುತ್ತದೆ. ಮೂಲೆಯಿಂದ ಮೂಲೆಗೆ ಟೇಪು ಹಿಡಿದು ಎರಡು ಕರ್ಣಗಳನ್ನೂ ಅಳೆಯಬೇಕು. ವ್ಯತ್ಯಾಸ 5 ಮಿಲಿಮೀಟರ್ ಒಳಗೆ ಬರುವವರೆಗೆ ಕಾಲು ಸರಿಸಿ, ಆಮೇಲೆ ಎಡಕ್ಕೊಂದು ಬಲಕ್ಕೊಂದು ಸುತ್ತು ಕೊಡುತ್ತಾ ಬಿಗಿ ಮಾಡಬೇಕು. ಒಂದೇ ಕಡೆ ಪೂರ್ತಿ ಬಿಗಿದರೆ ಪೈಪು ಇನ್ನೊಂದು ಕಡೆಗೆ ಎಳೆದುಕೊಂಡು ಕೂರುತ್ತದೆ. ಪೈಪಿಗೂ ಟಾಪಿಗೂ ನಡುವೆ 8 ಸೆಂಟಿಮೀಟರಾದರೂ ಬೇಕು, ಇಲ್ಲದಿದ್ದರೆ ಕೈ ಹೋಗುವುದಿಲ್ಲ, ಸ್ಪ್ಯಾನರ್ ತಿರುಗುವುದಿಲ್ಲ.

ಟೆಂಟು ಯಾವ ಕಡೆಗೆ ತೆರೆಯಬೇಕು ಎನ್ನುವುದನ್ನು ನೆಲದ ಮೇಲೆ ಇರುವಾಗಲೇ ತೀರ್ಮಾನಿಸಿ. ಬೊಲೆರೊದ ಹಿಂಬಾಗಿಲು ಸ್ಟೆಪ್ನಿ ಹೊತ್ತು ಪಕ್ಕಕ್ಕೆ ತೆರೆಯುತ್ತದೆ. ಹಿಂದಕ್ಕೆ ತೆರೆಯುವಂತೆ ಕೂರಿಸಿದರೆ ಏಣಿ ಆ ಬಾಗಿಲಿಗೇ ಅಡ್ಡ. ನಾವು ಎಡಕ್ಕೆ ಇಟ್ಟೆವು. ನಮ್ಮಲ್ಲಿ ಗಾಡಿ ಎಡಕ್ಕೆ ನಿಲ್ಲುತ್ತದೆ, ಏಣಿ ರಸ್ತೆಯ ಆಚೆಗೆ ಇಳಿಯುತ್ತದೆ. ರಾತ್ರಿ ಎದ್ದು ಇಳಿಯುವವರು ಲಾರಿಗೆ ಎದುರಾಗುವುದಿಲ್ಲ. ಟೆಂಟಿನ ಅಡಿಯ ಎರಡು ಅಲ್ಯೂಮಿನಿಯಂ ಚಾನೆಲ್‌ಗಳು (ಬೋಲ್ಟಿನ ತಲೆ ಒಳಗೆ ಜಾರುವ ಉದ್ದ ಪಟ್ಟಿಗಳು) ಗಾಡಿಯ ಉದ್ದಕ್ಕೆ, ಅಂದರೆ ಪೈಪುಗಳಿಗೆ ಅಡ್ಡಲಾಗಿ ಬರಬೇಕು. ಅವನ್ನು ತಳದ ಹಲಗೆಗೆ ಹಿಡಿಸುವ ಬೋಲ್ಟಿನ ತೂತುಗಳಿಗೆ ಸಿಲಿಕೋನ್ ಹಚ್ಚಿ, ಒಳಗಡೆ ಅಗಲದ ವಾಶರ್ ಕೊಡಿ. ಹಲಗೆಯ ಒಳಗಿರುವುದು ಫೋಮ್ ಅಥವಾ ಜೇನುಗೂಡಿನಂಥ ತೆಳು ಅಲ್ಯೂಮಿನಿಯಂ. ಚಿಕ್ಕ ವಾಶರ್ ಹಾಕಿ ಬಿಗಿದರೆ ಅದು ತಗ್ಗಿ ಕೂರುತ್ತದೆ, ಆ ತಗ್ಗಿನಲ್ಲಿ ನೀರು ನಿಲ್ಲುತ್ತದೆ.

ಎತ್ತುವುದಕ್ಕೆ ನಾಲ್ಕು ಜನ ಬೇಕು. ಮೂವರಿಂದ ಆಗುತ್ತದೆ ಎಂದುಕೊಂಡ ಕಡೆಯೇ ಟಾಪಿಗೆ ಗೀರು ಬೀಳುವುದು, ಸೊಂಟ ಹಿಡಿಯುವುದು. ಏಣಿಯನ್ನೂ ಹಾಸಿಗೆಯನ್ನೂ ಮೊದಲು ತೆಗೆದಿಟ್ಟರೆ ಹೆಗಲ ಮೇಲೆ ಹತ್ತು ಕೆಜಿಗಿಂತ ಹೆಚ್ಚು ಇಳಿಯುತ್ತದೆ. ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಗೇರ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಹಿಂದಿನ ಪೈಪಿಗೆ ಹಳೇ ಕಂಬಳಿ ಹೊದಿಸಿದ್ದೆವು. ಹಿಂದಿನಿಂದ ಟೆಂಟಿನ ಅಂಚನ್ನು ಕಂಬಳಿಯ ಮೇಲೆ ಒರಗಿಸಿ, ಇಬ್ಬರು ತಳ್ಳುತ್ತಾ, ಎರಡು ಬದಿಯವರು ನೇರ ಹಿಡಿಯುತ್ತಾ ಮುಂದಕ್ಕೆ ಜಾರಿಸಿದರೆ ಯಾರೂ ತಲೆಯ ಮೇಲೆ ಪೂರ್ತಿ ಭಾರ ಹೊರಬೇಕಾಗುವುದಿಲ್ಲ.

ಇನ್ನು ಬೋಲ್ಟು. ಟೆಂಟಿನ ಸುರಕ್ಷತೆ ಇಡೀ ನೇತುಬಿದ್ದಿರುವುದು ಎಂಟು ಎಂ8 (8 ಮಿಲಿಮೀಟರ್ ದಪ್ಪದ) ಬೋಲ್ಟುಗಳ ಮೇಲೆ. ಬೋಲ್ಟಿನ ತಲೆಯನ್ನು ಚಾನೆಲ್ಲಿನ ತುದಿಯಿಂದ ಒಳಕ್ಕೆ ಜಾರಿಸಿ, ಮುಂದಿನ ಮತ್ತು ಹಿಂದಿನ ಪೈಪಿನ ಎರಡು ಪಕ್ಕಕ್ಕೂ ಒಂದೊಂದು ಬರುವಂತೆ ನಿಲ್ಲಿಸಬೇಕು. ಕೆಳಗಿನಿಂದ ಪಟ್ಟಿ, ವಾಶರ್, ನೈಲಾಕ್ ನಟ್ಟು. ಸ್ಪ್ಯಾನರ್ 13 ಮಿಲಿಮೀಟರಿನದು. ಇಲ್ಲಿ ಆತುರಕ್ಕೆ ಇಂಪ್ಯಾಕ್ಟ್ ಗನ್ (ನಟ್ಟನ್ನು ರಭಸವಾಗಿ ತಿರುಗಿಸುವ ಯಂತ್ರ) ತಂದವರಿಂದ ಒಂದು ಬೋಲ್ಟು ಹೋಯಿತು. ಸ್ಟೇನ್‌ಲೆಸ್ ಬೋಲ್ಟಿಗೆ ಸ್ಟೇನ್‌ಲೆಸ್ ನಟ್ಟನ್ನು ವೇಗವಾಗಿ ತಿರುಗಿಸಿದರೆ ಮರೆಗಳು (ಥ್ರೆಡ್‌ಗಳು) ಬಿಸಿಯಾಗಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ನಟ್ಟು ಅರ್ಧ ದಾರಿಯಲ್ಲಿ ನಿಂತುಬಿಟ್ಟಿತು, ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ. ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ದು ತೆಗೆಯಬೇಕಾಯಿತು. ಮರೆಗೆ ಒಂದು ಚೂರು ತಾಮ್ರದ ಗ್ರೀಸ್ ಹಚ್ಚಿ, ಕೈಯಲ್ಲಿ ನಿಧಾನವಾಗಿ ತಿರುಗಿಸಿದರೆ ಈ ತೊಂದರೆಯೇ ಇಲ್ಲ. ಒಮ್ಮೆ ಬಿಚ್ಚಿದ ನೈಲಾಕ್ ನಟ್ಟನ್ನು ಮತ್ತೆ ಹಾಕಬೇಡಿ, ಒಳಗಿನ ನೈಲಾನ್ ಬಳೆಯ ಹಿಡಿತ ಸಡಿಲವಾಗಿರುತ್ತದೆ. ಹೊಸ ನಟ್ಟಿನ ಆಚೆಗೆ ಎರಡು ಮರೆಯಾದರೂ ಕಾಣಬೇಕು. ಕಾಣುವುದು 2 ಸೆಂಟಿಮೀಟರಿಗಿಂತ ಹೆಚ್ಚಾದರೆ ಕತ್ತರಿಸಿ. 

ಎಷ್ಟು ಬಿಗಿ ಎನ್ನುವುದಕ್ಕೆ ಟೆಂಟಿನ ಪುಸ್ತಕದಲ್ಲಿ ಸಂಖ್ಯೆ ಇದೆ. ಈ ಟೆಂಟಿಗೆ 12 ನ್ಯೂಟನ್ ಮೀಟರ್. ಅದು ತೋಳಿನ ಬಲದ ಲೆಕ್ಕಕ್ಕೆ ತುಂಬಾ ಕಡಿಮೆ. ಉದ್ದನೆಯ ಸ್ಪ್ಯಾನರಿನಲ್ಲಿ ಗಟ್ಟಿಯಾಗಿ ಎಳೆದರೆ ಅಲ್ಯೂಮಿನಿಯಂ ಚಾನೆಲ್ಲಿನ ತುಟಿ ಬಾಯಿಬಿಡುತ್ತದೆ, ಆಮೇಲೆ ಬೋಲ್ಟಿನ ತಲೆಗೆ ಹಿಡಿತವೇ ಇರುವುದಿಲ್ಲ. ಹೇಳಿದಷ್ಟು ಬಿಗಿಯಾದ ಕೂಡಲೇ ಟಕ್ ಎನ್ನುವ ಚಿಕ್ಕ ಟಾರ್ಕ್ ರೆಂಚ್ ಬಳಸಿ. ಸದ್ದಾಗದಿರಲಿ ಎಂದು ಕ್ಲಾಂಪಿನ ನಡುವೆ ಸೈಕಲ್ ಟ್ಯೂಬಿನ ತುಂಡು ಮಡಚಿ ಇಡುವವರಿದ್ದಾರೆ. ರಬ್ಬರು ದಿನೇ ದಿನೇ ಚಪ್ಪಟೆಯಾಗುತ್ತದೆ, ಚಪ್ಪಟೆಯಾದಷ್ಟೂ ಹಿಡಿತ ಇಳಿಯುತ್ತದೆ. ಎಲ್ಲ ಮುಗಿದ ಮೇಲೆ ನಟ್ಟಿನಿಂದ ಪಟ್ಟಿಯ ಮೇಲೆ ಹಾಯುವಂತೆ ಪೇಂಟ್ ಮಾರ್ಕರಿನಲ್ಲಿ ಬಿಳಿ ಗೆರೆ ಎಳೆದೆವು. ನಟ್ಟು ಕದಲಿದರೆ ಗೆರೆ ಮುರಿಯುತ್ತದೆ. ಕೊನೆಗೆ ಟೆಂಟನ್ನೇ ಹಿಡಿದು ಜೋರಾಗಿ ಅಲುಗಿಸಬೇಕು. ಗಾಡಿ ಇಡಿಯಾಗಿ ಸ್ಪ್ರಿಂಗ್ ಮೇಲೆ ತೂಗಬೇಕು, ಟೆಂಟು ಮಾತ್ರ ಬೇರೆಯಾಗಿ ಅಲುಗಬಾರದು.

ಬೊಲೆರೊದ ಎತ್ತರ 1.88 ಮೀಟರ್. ಪೈಪು, ಮಡಚಿದ ಟೆಂಟು ಸೇರಿ 2.30 ಆಯಿತು. ಈ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಸ್ಟೀರಿಂಗ್ ಎದುರು ಅಂಟಿಸಿ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್, ಮಾಲ್ ಪಾರ್ಕಿಂಗ್, ತೋಟದ ದಾರಿಗೆ ಬಾಗಿದ ಸಿಲ್ವರ್ ಓಕ್ ಕೊಂಬೆ, ಇಳಿಬಿದ್ದ ಕರೆಂಟ್ ತಂತಿ, ಎಲ್ಲ ಕಡೆಯೂ ಅದು ನೆನಪಾಗಬೇಕು. ಹೆದ್ದಾರಿಯಲ್ಲಿ 80 ದಾಟಬೇಡಿ. ಹೊದಿಕೆಯ ಪಟ್ಟಿಗಳನ್ನು ಒಂದು ಸುತ್ತು ತಿರುಚಿ ಕಟ್ಟಿದರೆ ಗಾಳಿಗೆ ಗುಂಯ್‌ಗುಡುವುದು ನಿಲ್ಲುತ್ತದೆ.

ಹಾಸನದಿಂದ ಸಕಲೇಶಪುರಕ್ಕೆ ಸುಮಾರು 40 ಕಿಲೋಮೀಟರ್. ಅಲ್ಲಿ ಟೆಂಟು ಬಿಚ್ಚಿದ್ದು ಮಾಲೀಕರ ಒಪ್ಪಿಗೆ ಪಡೆದು ಕಾಫಿ ತೋಟದ ಮನೆಯ ಅಂಗಳದಲ್ಲಿ. ಕಾಡಿನ ಅಂಚಿನಲ್ಲಿ ಸಿಕ್ಕಿದ ಕಡೆ ಹೂಡುವ ಊರಲ್ಲ ಅದು. ಅರಣ್ಯ ಇಲಾಖೆಯ ಅನುಮತಿ ಬೇಕು, ಆನೆಯೂ ಓಡಾಡುತ್ತದೆ. ಟಾಪಿನ ಮೇಲೆ ಮಲಗಿದವರು ಆನೆಯ ಸೊಂಡಿಲಿಗೆ ಎಟುಕದ ಎತ್ತರದಲ್ಲೇನೂ ಇರುವುದಿಲ್ಲ.

ಮಡಿಕೆ ಬಿಚ್ಚುವ ಟೆಂಟಿನಲ್ಲಿ ಅರ್ಧ ನೆಲ ಗಾಡಿಯಿಂದ ಆಚೆಗೆ ಚಾಚಿಕೊಳ್ಳುತ್ತದೆ. ಆ ಅರ್ಧವನ್ನು ಹೊರುವುದು ಏಣಿ. ಹತ್ತಿ ಇಳಿಯುವುದಕ್ಕೆ ಮಾತ್ರ ಏಣಿ ಎಂದುಕೊಂಡವರ ಟೆಂಟಿನಲ್ಲೇ ಕೀಲು ಕಿತ್ತು ಬರುವುದು. ಏಣಿ ಒಂದು ಮೆಟ್ಟಿಲು ಗಿಡ್ಡವಾದರೆ ನೆಲ ಜೋತು ಬೀಳುತ್ತದೆ, ಉದ್ದವಾದರೆ ನಡುವಿನ ಕೀಲು ಮೇಲಕ್ಕೆ ಬಾಗುತ್ತದೆ. ಏಣಿ ಭೂಮಿಗೆ 70ರಿಂದ 75 ಡಿಗ್ರಿಯಲ್ಲಿ ನಿಂತು, ಟೆಂಟಿನ ನೆಲ ಮಟ್ಟವಾಗಿರಬೇಕು. ಹಿಂದಿನ ದಿನ ಮಳೆ ಬಿದ್ದಿದ್ದ ಅಂಗಳದಲ್ಲಿ ಏಣಿಯ ಎಡಗಾಲು ನೋಡನೋಡುತ್ತಲೇ ನಾಲ್ಕು ಬೆರಳು ಹೂತುಹೋಯಿತು. ಟೆಂಟಿನ ಬಾಗಿಲ ಜಿಪ್ ಓರೆಯಾಗಿ ಬಿಗಿಯಿತು. ಎರಡಡಿ ಹಲಗೆಯೊಂದನ್ನು ಎರಡೂ ಕಾಲಿಗೆ ಸೇರಿಸಿ ಅಡಿಗೆ ಕೊಟ್ಟ ಮೇಲೆ ಕದಲಲಿಲ್ಲ. ಮಲೆನಾಡಿಗೆ ಹೋಗುವ ಗಾಡಿಯಲ್ಲಿ ಆ ಹಲಗೆ ಇರಲೇಬೇಕು.

ಟೆಂಟಿನೊಳಗೆ ಒಲೆ ಬೇಡ, ಸೊಳ್ಳೆ ಬತ್ತಿಯೂ ಬೇಡ. ಎದುರುಬದುರು ಎರಡು ಕಿಟಕಿ ಅಂಗೈ ಅಗಲ ತೆರೆದಿಟ್ಟರೆ ಉಸಿರಿನ ತೇವ ಹಾಸಿಗೆಗೆ ಇಳಿಯುವುದಿಲ್ಲ. ಒದ್ದೆ ಮಡಚಿ ತಂದರೆ ಅದೇ ದಿನ ಬಿಚ್ಚಿ ಒಣಗಿಸಿ, ಎರಡು ದಿನ ಬಿಟ್ಟರೆ ಬೂಷ್ಟು.

ಬೆಳಿಗ್ಗೆ ಹೊರಡುವ ಮೊದಲು ಎಂಟು ಬೋಲ್ಟುಗಳನ್ನೂ ನೋಡಿದೆವು. ಬಿಳಿ ಗೆರೆ ಒಂದೂ ಮುರಿದಿರಲಿಲ್ಲ. ಆದರೂ ಟಾರ್ಕ್ ರೆಂಚ್ ಕೊಟ್ಟಾಗ ಹಿಂದಿನ ಪೈಪಿನ ಎರಡು ನಟ್ಟುಗಳು ಟಕ್ ಎನ್ನುವ ಮೊದಲು ಸುತ್ತಿನ ಎಂಟನೇ ಒಂದು ಭಾಗದಷ್ಟು ತಿರುಗಿದವು. ನಟ್ಟು ಬಿಚ್ಚಿಕೊಂಡಿರಲಿಲ್ಲ, ಪೈಪಿನ ಹೊಸ ಪೌಡರ್ ಕೋಟಿಂಗ್ (ಬಣ್ಣದ ಲೇಪ) ಪಟ್ಟಿಯ ಅಡಿಯಲ್ಲಿ ನಲುಗಿ ತೆಳುವಾಗಿತ್ತು, ಅಷ್ಟಕ್ಕೇ ಹಿಡಿತ ಇಳಿದಿತ್ತು. ಗೆರೆ ನೋಡಿ ಸುಮ್ಮನಾಗಿದ್ದರೆ ಇದು ತಿಳಿಯುತ್ತಿರಲಿಲ್ಲ. ಹಳೇ ಗೆರೆ ಒರೆಸಿ ಹೊಸದು ಎಳೆದೆವು. ಮುಂದಿನ ಸಲ ರೆಂಚ್ ಹಿಡಿಯಬೇಕಾದ್ದು 200 ಕಿಲೋಮೀಟರಿಗೆ.