ಒಂದೇ ನೂರು ರೂಪಾಯಿಗೆ ಎರಡು ಚೀಟಿ

"ನಮ್ಮ ಟೀಮ್ ಚೆಕ್ ಮಾಡಿದೆ ಮೇಡಂ, ಆ್ಯಪ್‌ನಲ್ಲಿ ಲೆಕ್ಕ ಸರಿ ಇದೆ. ದಯವಿಟ್ಟು ಇನ್ನೊಂದ್ಸಲ ದುಡ್ಡು ಎಣಿಸಿ ನೋಡಿ."

ಇದು ನಾನು ಒಬ್ಬ ಪಿಗ್ಮಿ ಏಜೆಂಟ್‌ಗೆ ಕಳಿಸಿದ ವಾಟ್ಸಾಪ್ ಮೆಸೇಜು. ಟೀಮ್ ಅಂದರೆ ನಾನು. ಶಿವಮೊಗ್ಗದಲ್ಲಿ ಬಾಡಿಗೆಗೆ ಹಿಡಿದ ಮಹಡಿ ಕೋಣೆ, ಒಂದು ಲ್ಯಾಪ್‌ಟಾಪ್, ಒಂದು ಹಳೇ ಫೋನು, ಅಂಗೈ ಅಗಲದ ಬ್ಲೂಟೂತ್ ಪ್ರಿಂಟರ್. ಚೆಕ್ ಮಾಡಿದ್ದು ಅಂದರೆ ರಾತ್ರಿ ಅನ್ನಕ್ಕಿಡುವ ಮುಂಚೆ ಅವರ ಆ ದಿನದ ಕಲೆಕ್ಷನ್ ಕೂಡಿ ನೋಡಿದ್ದು. ಮೊತ್ತ ಸರಿಯಾಗೇ ಬಂತು. ಬರದೇ ಇರುತ್ತಾ, ಕಂಪ್ಯೂಟರ್ ಅಲ್ವಾ.

ಬೆಂಗಳೂರಿನ ಕೆಲಸ ಬಿಟ್ಟು ನಾನು ಮಾಡಿಕೊಂಡ ಕಂಪನಿ ಇದು. ಪತ್ತಿನ ಸಹಕಾರಿ ಸಂಘಗಳ ಪಿಗ್ಮಿ ಏಜೆಂಟರಿಗೆ ಒಂದು ಮೊಬೈಲ್ ಆ್ಯಪ್. ಅಂಗಡಿ ಅಂಗಡಿಗೆ ಹೋಗಿ ದಿನಾ ಐವತ್ತೋ ನೂರೋ ಐನೂರೋ ಕಟ್ಟಿಸಿಕೊಳ್ಳುವುದು, ಅಲ್ಲೇ ರಸೀದಿ ಚೀಟಿ ಕೊಡುವುದು, ಸಂಜೆ ಸಂಘದಲ್ಲಿ ಹಣ ಒಪ್ಪಿಸುವುದು ಅವರ ಕೆಲಸ. ಪಿಗ್ಮಿ ಹುಟ್ಟಿದ್ದೇ ನಮ್ಮ ಉಡುಪಿಯಲ್ಲಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಇದನ್ನು ಶುರು ಮಾಡಿತು. ದಿನಕ್ಕೆ ಎರಡಾಣೆ ಇದ್ದರೂ ಮನೆ ಬಾಗಿಲಿಗೇ ಬಂದು ಕಟ್ಟಿಸಿಕೊಳ್ಳುತ್ತಿದ್ದರಂತೆ. ಆ ಬ್ಯಾಂಕ್ 2020ರ ಏಪ್ರಿಲ್‌ನಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಮಾತ್ರ ಊರೂರಿನ ಸಂಘಗಳಲ್ಲಿ ಇನ್ನೂ ಗಟ್ಟಿಯಾಗಿದೆ.

ನನಗೆ ಆಗ ಏಳು ಸಂಘ, ನಲವತ್ಮೂರು ಏಜೆಂಟರು. ಏಜೆಂಟ್ ಒಬ್ಬರಿಗೆ ತಿಂಗಳಿಗೆ 200 ರೂಪಾಯಿ. ಗುಣಿಸಿ ನೋಡಿ, 8,600. ಅದೂ ಎರಡು ಸಂಘದವರು "ಮಾರ್ಚ್ ಎಂಡಿಗೆ ಒಟ್ಟಿಗೆ ಕೊಡ್ತೀವಿ ಬಿಡಿ" ಅಂದಿದ್ದರು. ಸೇವೆ ಕೊಡುವವರ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ ಅಂತ ಒಬ್ಬ ಗೆಳೆಯ ಎಚ್ಚರಿಸಿದ್ದ. ಆ ಭಯ ನನಗೆ ಒಂದು ದಿನವೂ ಕಾಡಲಿಲ್ಲ.

ಒಬ್ಬನೇ ಅಂತ ಯಾರಿಗೂ ಹೇಳುತ್ತಿರಲಿಲ್ಲ. ಸಂಘದ ಡೈರೆಕ್ಟರುಗಳು ಹೆದರಿಬಿಡುತ್ತಾರೆ. ಇವನಿಗೆ ಜ್ವರ ಬಂದರೆ ನಮ್ಮ ಲೆಕ್ಕದ ಗತಿ ಏನು ಅಂತ ಕೇಳುತ್ತಾರೆ, ಕೇಳಬೇಕಾದ ಪ್ರಶ್ನೆಯೇ ಅದು. ಹಾಗಾಗಿ ಎಲ್ಲ ಮೆಸೇಜಿನಲ್ಲೂ ನಾವು, ನಮ್ಮ ಟೀಮ್, ನಮ್ಮ ಸಪೋರ್ಟ್‌ನವರು. ಒಮ್ಮೆಯಂತೂ "ಸಪೋರ್ಟ್‌ಗೆ ಕೊಡ್ತೀನಿ" ಅಂತ ಫೋನು ಕೆಳಗಿಟ್ಟು, ಎರಡು ನಿಮಿಷ ಬಿಟ್ಟು ಇನ್ನೊಂದು ಸಿಮ್‌ನಿಂದ ನಾನೇ ಫೋನ್ ಮಾಡಿದ್ದೇನೆ. ಧ್ವನಿ ಸ್ವಲ್ಪ ದಪ್ಪ ಮಾಡಿಕೊಂಡು.

ಆ ತಿಂಗಳು ನಾನು ಎದೆ ಉಬ್ಬಿಸಿಕೊಂಡು ಓಡಾಡುತ್ತಿದ್ದೆ. ಕಾರಣ ಕನ್ನಡ ಚೀಟಿ. ಈ ಪುಟ್ಟ ಪ್ರಿಂಟರಿನ ಕಾಗದ 58 ಮಿಲಿಮೀಟರ್ ಅಗಲ. ಅದರಲ್ಲಿ ಅಚ್ಚಾಗುವ ಜಾಗ 48, ಅಡ್ಡಕ್ಕೆ 384 ಚುಕ್ಕಿ. ಇಂಗ್ಲಿಷ್ ಅಕ್ಷರಗಳು ಪ್ರಿಂಟರಿನ ಹೊಟ್ಟೆಯಲ್ಲೇ ಇರುತ್ತವೆ, ಹೇಳಿದ ತಕ್ಷಣ ಕಕ್ಕುತ್ತದೆ. ಕನ್ನಡ ಕೊಟ್ಟರೆ ಸಾಲುಸಾಲು ಪ್ರಶ್ನೆಚಿಹ್ನೆ. ಒತ್ತು, ಗುಣಿತ ಅದಕ್ಕೆ ಅರ್ಥವೇ ಆಗುವುದಿಲ್ಲ. ದಾರಿ ಒಂದೇ: ಇಡೀ ಚೀಟಿಯನ್ನು ಫೋನಿನಲ್ಲೇ ಚಿತ್ರ ಮಾಡಿ, ಚುಕ್ಕಿ ಚುಕ್ಕಿಯಾಗಿ ಕಳಿಸುವುದು. ಹನ್ನೊಂದು ರಾತ್ರಿ ಕೂತು ಅದನ್ನು ಮಾಡಿದೆ. ಮೊದಲ ಸಲ 'ಉಳಿತಾಯ' ಅನ್ನುವ ಪದ ಕಾಗದದ ಮೇಲೆ ಬಿಸಿಬಿಸಿಯಾಗಿ ಬಂದಾಗ ಆ ಚೀಟಿಯನ್ನು ಗೋಡೆಗೆ ಅಂಟಿಸಿದ್ದೆ. ಇವತ್ತು ಅದು ಬಿಳಿ ಕಾಗದ. ಶಾಖದಲ್ಲಿ ಮೂಡುವ ಅಕ್ಷರ, ಬಿಸಿಲಿಗೆ ಮಾಸಿಹೋಯಿತು.

ಅದೇ ವಾರ ಆ ಮೇಡಂ ಅವರ ಮೊದಲ ದೂರು ಬಂದಿದ್ದು. ಸಂಜೆ ಒಪ್ಪಿಸುವಾಗ ನೂರೋ ಇನ್ನೂರೋ ಕಮ್ಮಿ ಬರ್ತಿದೆ ಅಂತ. ನಾನು ಎರಡನ್ನೂ ಜೋಡಿಸಿ ನೋಡಲೇ ಇಲ್ಲ.

ಅವರ ಜೊತೆ ಒಂದು ದಿನ ಲೈನಿಗೆ ಹೋಗಿದ್ದೂ ದೂರಿಗಾಗಿ ಅಲ್ಲ. ಹೊಸ ಸಂಘಗಳಿಗೆ ತೋರಿಸಲು ಒಂದು ವಿಡಿಯೋ ಬೇಕಿತ್ತು. ಮ್ಯಾನೇಜರು "ನಮ್ಮಲ್ಲಿ ಅವರೇ ಬೆಸ್ಟು, ಅವರ ಜೊತೆ ಹೋಗಿ" ಅಂದರು. ಮಧ್ಯಾಹ್ನ ಮೂರೂವರೆಗೆ ಗಾಂಧಿ ಬಜಾರಿನಲ್ಲಿ ಸಿಕ್ಕರು. ನಲವತ್ತರ ಆಸುಪಾಸು. ಹೆಗಲಿಗೆ ಬ್ಯಾಗು, ಸೊಂಟದಲ್ಲಿ ಪ್ರಿಂಟರು, ಎಡಗೈಯಲ್ಲಿ ಗ್ಲಾಸ್ ಒಡೆದ ಫೋನು. ಬಲಗೈ ಯಾವಾಗಲೂ ಖಾಲಿ. ದುಡ್ಡು ಇಸಿದುಕೊಳ್ಳಬೇಕಲ್ಲ.

ಮೊದಲ ಅರ್ಧ ಗಂಟೆಯಲ್ಲೇ ನನಗೆ ನಾಚಿಕೆ ಶುರುವಾಯಿತು. ನನ್ನ ಆ್ಯಪ್ ಎರಡು ಕೈ ಇರುವವರಿಗೆ, ಕುರ್ಚಿ ಇರುವವರಿಗೆ, ಟ್ಯೂಬ್‌ಲೈಟ್ ಕೆಳಗೆ ಕೂತವರಿಗೆ ಮಾಡಿದ್ದು. ಇವರು ನಿಲ್ಲುತ್ತಿದ್ದುದು ಅಂಗಡಿ ಮೆಟ್ಟಿಲ ಮೇಲೆ, ಒಂದು ಕಾಲು ರಸ್ತೆಯಲ್ಲಿ. ಪಶ್ಚಿಮದ ಬಿಸಿಲು ನೇರ ಸ್ಕ್ರೀನಿಗೆ ಹೊಡೆಯುತ್ತಿತ್ತು. ಹಿಂದೆ ಗಿರಾಕಿಗಳು, ಮುಂದೆ "ಬೇಗ ಮಾಡಮ್ಮ" ಅನ್ನುವ ಅಂಗಡಿಯವರು. ಖಾತೆ ಹುಡುಕಲು ನಾನು ಹೆಸರು ಟೈಪ್ ಮಾಡುವ ಜಾಗ ಇಟ್ಟಿದ್ದೆ. ಅವರು ಅದನ್ನು ಒಂದು ಸಲವೂ ಮುಟ್ಟಲಿಲ್ಲ. ನೂರಾ ಹತ್ತು ಖಾತೆಯ ನಂಬರು ಬಾಯಲ್ಲೇ ಇತ್ತು.

ಹೂವಿನ ಅಂಗಡಿ ಹತ್ತಿರ ಬಂದೆವು. ಅಜ್ಜಿ ಸೆರಗಿನ ಗಂಟು ಬಿಚ್ಚಿ ನೂರು ರೂಪಾಯಿ ಕೊಟ್ಟರು. ಮೇಡಂ ನಂಬರು ಹಾಕಿ 'ಉಳಿಸಿ' ಒತ್ತಿದರು. ಪ್ರಿಂಟರು ಸುಮ್ಮನಿತ್ತು. ಒಂದು, ಎರಡು, ಮೂರು ಸೆಕೆಂಡ್. ಅಜ್ಜಿ ಮಾಲೆಗೆ ಕೈ ಹಾಕಿಯಾಗಿತ್ತು. ಮೇಡಂ ಹೆಬ್ಬೆರಳು ಮತ್ತೊಂದು ಸಲ 'ಉಳಿಸಿ' ಮೇಲೆ ಬಿತ್ತು. ಕರ್ರ್ ಅಂತ ಚೀಟಿ ಬಂತು. ಹರಿದು ಕೊಟ್ಟು ಮುಂದೆ ನಡೆದರು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಸೊಂಟದಲ್ಲಿ ಮತ್ತೆ ಕರ್ರ್. ನೋಡದೇ ಹರಿದು ಬ್ಯಾಗಿನ ಹೊರಜೇಬಿಗೆ ತುರುಕಿದರು.

"ಅದೇನು ಮೇಡಂ?"

"ಇದೊಂದು ಹೀಗೇ ಸಾರ್, ಒಂದೊಂದ್ಸಲ ಡಬಲ್ ಬರುತ್ತೆ. ಪೇಪರ್ ವೇಸ್ಟು. ನಿಮ್ ಟೀಮ್‌ಗೆ ಹೇಳಿ."

ಕಾಫಿಗೆ ಕೂತಾಗ ಆ ಹೊರಜೇಬಿನ ಚೀಟಿಗಳನ್ನು ಕೇಳಿ ಇಸಿದುಕೊಂಡೆ. ಮುದ್ದೆಯಾಗಿದ್ದ ಕಟ್ಟು. ಅಜ್ಜಿಯ ಚೀಟಿ ಬಿಡಿಸಿದೆ. ರಸೀದಿ ನಂಬರ್ 148. ನೂರು ರೂಪಾಯಿ. ಖಾತೆಯಲ್ಲಿ ಒಟ್ಟು 6,500. ಫೋನಿನಲ್ಲಿ ಹಿಂದಿನದನ್ನು ತೆಗೆದೆ. 147. ಅದೇ ಅಜ್ಜಿ, ಅದೇ ನೂರು, ಅದೇ ನಿಮಿಷ. ಖಾತೆಯಲ್ಲಿ ಒಟ್ಟು 6,400. ಅದು ಡಬಲ್ ಪ್ರಿಂಟ್ ಆಗಿರಲಿಲ್ಲ, ಡಬಲ್ ಜಮೆ ಆಗಿತ್ತು. ನನ್ನ ಲೆಕ್ಕದಲ್ಲಿ ಅಜ್ಜಿ ಇನ್ನೂರು ಕೊಟ್ಟಿದ್ದರು, ಮೇಡಂ ಕೈಯಲ್ಲಿ ಇದ್ದದ್ದು ನೂರು.

ಇಂಗ್ಲಿಷ್ ಚೀಟಿ ಇದ್ದಾಗ ಒತ್ತಿದ ಸೆಕೆಂಡಿಗೆ ಪ್ರಿಂಟ್ ಶುರುವಾಗುತ್ತಿತ್ತು. ಎರಡನೇ ಸಲ ಒತ್ತಲು ಪುರುಸೊತ್ತೇ ಇರಲಿಲ್ಲ. ನನ್ನ ಹೆಮ್ಮೆಯ ಕನ್ನಡ ಚಿತ್ರಕ್ಕೆ ನಾಲ್ಕೈದು ಸೆಕೆಂಡ್ ಬೇಕು. 'ದಯವಿಟ್ಟು ಕಾಯಿರಿ' ಅಂತ ಸ್ಕ್ರೀನಿನಲ್ಲಿ ಹಾಕಿದ್ದೆ, ಇಲ್ಲ ಅನ್ನಬೇಡಿ. ತಿಳಿ ಬೂದು ಬಣ್ಣದಲ್ಲಿ, ಸಣ್ಣ ಅಕ್ಷರದಲ್ಲಿ. ಗಾಂಧಿ ಬಜಾರಿನ ಬಿಸಿಲಿನಲ್ಲಿ ಅದು ಯಾರಿಗೂ ಕಾಣುತ್ತಿರಲಿಲ್ಲ. ಜಮೆಯಾದ ತಕ್ಷಣ ಗ್ರಾಹಕರಿಗೆ ಎಸ್ಸೆಮ್ಮೆಸ್ ಹೋಗಿದ್ದರೆ ಅವರಾದರೂ ಹಿಡಿಯುತ್ತಿದ್ದರು. ಆದರೆ ಅದಕ್ಕೆ ಡಿಎಲ್‌ಟಿ ನೋಂದಣಿ (ಗ್ರಾಹಕರಿಗೆ ಎಸ್ಸೆಮ್ಮೆಸ್ ಕಳಿಸುವ ಕಂಪನಿಗಳು ಟೆಲಿಕಾಂನವರಲ್ಲಿ ಮಾಡಿಸಬೇಕಾದದ್ದು), ಪ್ರತಿ ಮೆಸೇಜಿನ ನಮೂನೆಗೂ ಒಪ್ಪಿಗೆ ಅಂತೆಲ್ಲ ಇದೆ. ಆಮೇಲೆ ನೋಡೋಣ ಅಂತ ಮುಂದೂಡಿದ್ದೆ.

"ಎಷ್ಟು ಕೈಯಿಂದ ಹಾಕಿದ್ದೀರಿ ಇದುವರೆಗೆ?"

ಬ್ಯಾಗಿನಿಂದ ಒಂದು ಪುಟ್ಟ ಡೈರಿ ತೆಗೆದರು. ಮೂರು ವಾರ, 2,350 ರೂಪಾಯಿ. ದಿನಕ್ಕೆ ಸುಮಾರು ಹದಿನೆಂಟು ಸಾವಿರ ಕಟ್ಟಿಸಿದರೆ ಅವರಿಗೆ ನೂರಕ್ಕೆ ಮೂರರ ಕಮಿಷನ್, 540. ನಾಲ್ಕು ದಿನದ ದುಡಿಮೆಗಿಂತ ಜಾಸ್ತಿ. ಹಣ ಕಮ್ಮಿ ಬಿದ್ದರೆ ಏಜೆಂಟೇ ತುಂಬಬೇಕು, ಅದು ರೂಲು.

"ನೀವು ಲೆಕ್ಕ ಸರಿ ಇದೆ ಅಂದ್ರಲ್ಲ ಸಾರ್. ಮನೇಲಿ ಬ್ಯಾಗ್ ಇಟ್ಟಾಗ ಮಗ ಏನಾದ್ರೂ ತಗೋತಿದಾನಾ ಅಂತ ಅನುಮಾನ ಬಂತು. ಪಿಯುಸಿ ಹುಡುಗ. ಕೇಳೇಬಿಟ್ಟೆ. ಎರಡು ದಿನ ಮಾತು ಬಿಟ್ಟಿದ್ದ."

ಕಾಫಿ ಲೋಟ ಕೆಳಗಿಟ್ಟೆ.

"ಮೇಡಂ, ಟೀಮ್ ಅಂತ ಯಾರೂ ಇಲ್ಲ. ನಾನೊಬ್ಬನೇ. ಚೆಕ್ ಮಾಡಿದೆ ಅಂದೆನಲ್ಲ, ಅದನ್ನೂ ಸರಿಯಾಗಿ ಮಾಡಿರಲಿಲ್ಲ. ತಪ್ಪು ನಂದು."

ಅವರು ನನ್ನ ಮುಖವನ್ನೇ ನೋಡಿದರು. ಬೈಯುತ್ತಾರೆ ಅಂದುಕೊಂಡೆ. "ಒಬ್ರೇನಾ? ಮತ್ತೆ ಆ ದಪ್ಪ ದನಿಯೋರು ಯಾರು ಮಾರಾಯ್ರೆ?" ಅಂದರು.

ರಾತ್ರಿ ಕೂತು ಸರಿ ಮಾಡಿದೆ. ಒಂದು ಸಲ ಒತ್ತಿದ ಮೇಲೆ ಬಟನ್ ಸತ್ತುಹೋಗಬೇಕು. ಖಾತೆ ತೆರೆದಾಗಲೇ ಆ ಜಮೆಗೆ ಒಂದು ಗುರುತು ಹುಟ್ಟಬೇಕು, ಅದೇ ಗುರುತು ಎರಡನೇ ಸಲ ಬಂದರೆ ಸರ್ವರ್ ತಳ್ಳಿಬಿಡಬೇಕು. ಒಟ್ಟು ನಲವತ್ತು ಸಾಲು ಕೋಡ್ ಇರಬಹುದು. ಆಮೇಲೆ ಎಲ್ಲ ಸಂಘದ ದಾಖಲೆ ಜಾಲಾಡಿದೆ. ಒಂದೇ ಖಾತೆ, ಒಂದೇ ಮೊತ್ತ, ಎರಡು ನಿಮಿಷದೊಳಗೆ ಎರಡು ಸಲ. ಇನ್ನೂ ಎಂಟು ಏಜೆಂಟರು ಸಿಕ್ಕರು. ಅವರಲ್ಲಿ ಒಬ್ಬರೂ ನನಗೆ ಫೋನ್ ಮಾಡಿರಲಿಲ್ಲ.

ಕೋಡ್ ಸರಿ ಮಾಡಿದ್ದು ಸುಲಭದ ಭಾಗ. ಪುಸ್ತಕದಲ್ಲಿ ಬಂದ ಜಮೆಯನ್ನು ಸುಮ್ನೆ ಅಳಿಸಲು ಆಗುವುದಿಲ್ಲ. ರಿವರ್ಸ್ ಎಂಟ್ರಿ ಹಾಕಬೇಕು, ಮ್ಯಾನೇಜರ್ ಸಹಿ ಬೇಕು, ಆಡಿಟರ್ ಕೇಳಿದರೆ ಕಾರಣ ಬರೆದಿರಬೇಕು. ಒಂದೊಂದು ಸಂಘಕ್ಕೂ ಹೋಗಿ, ಕಾರಣದ ಜಾಗದಲ್ಲಿ 'ತಂತ್ರಾಂಶದ ದೋಷ' ಅಂತ ನನ್ನ ಕೈಯಾರೆ ಬರೆದು ರುಜು ಹಾಕಿದೆ. ಎಲ್ಲ ಕಡೆ ಒಬ್ಬನೇ ಅನ್ನುವುದನ್ನೂ ಹೇಳಿದೆ. ಒಂದು ಸಂಘದವರು ಮುಂದಿನ ತಿಂಗಳೇ ಬಿಟ್ಟರು. ಅವರನ್ನು ತಪ್ಪು ಅನ್ನಲಾರೆ. ಉಳಿದ ಆರು ಕಡೆ, ನನಗೆ ಏನಾದರೂ ಆದರೆ ದಾಖಲೆ ಅವರಿಗೇ ಸಿಗುವಂತೆ ದಿನಾ ರಾತ್ರಿ ಒಂದು ಪ್ರತಿ ಅವರ ಕಂಪ್ಯೂಟರಿಗೇ ಹೋಗುವ ಹಾಗೆ ಮಾಡಿಕೊಟ್ಟೆ. ಮೊದಲೇ ಮಾಡಬೇಕಿತ್ತು.

ಮೇಡಂ ಅವರಿಗೆ 2,350 ವಾಪಸ್ ಬಂತು. ಈಗ ಪ್ರತಿ ಹೊಸ ಬದಲಾವಣೆಯನ್ನು ಮೊದಲು ಅವರ ಫೋನಿಗೆ ಹಾಕುತ್ತೇನೆ, ಅವರಿಂದ ತಿಂಗಳ ದುಡ್ಡು ತೆಗೆದುಕೊಳ್ಳುವುದಿಲ್ಲ. ಅಕ್ಕ ಅಂತ ಕರೆಯುವುದೂ ಯಾವಾಗಲೋ ಶುರುವಾಯಿತು.

ಹೋದ ವಾರ ರಾತ್ರಿ ಎಂಟಕ್ಕೆ ಒಂದು ಫೋಟೋ ಕಳಿಸಿದ್ದರು. ಚೀಟಿಯಲ್ಲಿ 'ಕೃಷ್ಣ' ಅನ್ನುವ ಹೆಸರಿನ ಕೆಳಗಿನ ಒತ್ತು ಅರ್ಧಕ್ಕೆ ಕತ್ತರಿಸಿಹೋಗಿತ್ತು. ಕೆಳಗೆ ಬರೆದಿದ್ದರು: "ನಿಮ್ ಟೀಮ್‌ಗೆ ಸ್ವಲ್ಪ ಹೇಳಿ."

ಟೀಮು ಆಗ ಕುಕ್ಕರಿನ ಮೂರನೇ ಸೀಟಿಗೆ ಕಾಯುತ್ತಿತ್ತು.