ಒರ್ತಿಜಿಯಾದ ಕಂಬಗಳು

ಸಿರಾಕ್ಯೂಸ್‌ನ ರೈಲು ನಿಲ್ದಾಣದಿಂದ ಹಳೆಯ ಊರಿಗೆ ನಡೆದೇ ಹೋಗಬಹುದು. ಇಟಲಿಯ ಸಿಸಿಲಿಯ ಆಗ್ನೇಯ ಕರಾವಳಿಗೆ ಒತ್ತಿಕೊಂಡಿರುವ ಒರ್ತಿಜಿಯಾ ಎಂಬ ಪುಟ್ಟ ದ್ವೀಪವೇ ಆ ಹಳೆಯ ಊರು. ಕ್ರಿ.ಪೂ. 8ನೆಯ ಶತಮಾನದಲ್ಲಿ ಕೊರಿಂತ್‌ನಿಂದ ಹಡಗೇರಿ ಬಂದ ಗ್ರೀಕರು ಮೊದಲು ನೆಲೆಯೂರಿದ್ದು ಇಲ್ಲಿಯೇ. ಶಾಲೆಯಲ್ಲಿ ನಾವೆಲ್ಲ ಓದಿದ ಆರ್ಕಿಮಿಡೀಸ್‌ನ ಊರು ಇದು, ಕ್ರಿ.ಪೂ. 212ರಲ್ಲಿ ರೋಮನ್ನರು ಊರನ್ನು ಹಿಡಿದಾಗ ಅವನು ಸೈನಿಕನೊಬ್ಬನ ಕತ್ತಿಗೆ ಬಲಿಯಾದ. ನಾನು ಒಬ್ಬಳೇ ಹೋಗಿದ್ದೆ. ಒಂದೇ ಕಂಬದ ಮುಂದೆ ಎಷ್ಟು ಹೊತ್ತು ನಿಂತರೂ ‘ಸಾಕು, ಇನ್ನು ಹೊರಡೋಣ’ ಎನ್ನುವವರು ಜೊತೆಯಲ್ಲಿ ಇರಬಾರದು ಎಂಬುದು ನನ್ನ ಬಹುದಿನದ ಆಸೆಯಾಗಿತ್ತು.

ಸೇತುವೆ ದಾಟಿದೊಡನೆ ಸಿಗುವುದು ಅಪೊಲೊ ದೇವಾಲಯದ ಅವಶೇಷ. ಕ್ರಿ.ಪೂ. 6ನೆಯ ಶತಮಾನದ್ದು. ಕಂಬಗಳನ್ನು ತುಂಡು ತುಂಡಾಗಿ ಪೇರಿಸಿಲ್ಲ, ಒಂದೊಂದೂ ಏಕಶಿಲೆ. ಹೆಚ್ಚಿನವು ಮುರಿದು ಮೋಟಾಗಿವೆ, ಎರಡು ಮಾತ್ರ ಎತ್ತರಕ್ಕೆ ನಿಂತಿವೆ. ಈ ಗುಡಿ ಮುಂದೆ ಬೈಜಾಂಟಿಯನ್ ಚರ್ಚ್ ಆಯಿತು, ಅರಬರ ಕಾಲದಲ್ಲಿ ಮಸೀದಿಯಾಯಿತು, ನಾರ್ಮನ್ನರು ಬಂದ ಮೇಲೆ ಮತ್ತೆ ಚರ್ಚ್ ಆಯಿತು, ಕೊನೆಗೆ ಸ್ಪೇನಿನ ಸೈನಿಕರ ಬಿಡಾರವಾಯಿತು. ಪಕ್ಕದ ಬೀದಿಯಲ್ಲೇ ಸಂತೆ. ಅಮೃತಶಿಲೆಯ ಹಲಗೆಯ ಮೇಲೆ ಕತ್ತಿಮೀನಿನ ತಲೆ, ಮೂತಿ ಆಕಾಶಕ್ಕೆ. ಪಕ್ಕದಲ್ಲಿ ಪಾಕೀನೋದ ಟೊಮೆಟೊ, ಉಪ್ಪಿನಲ್ಲಿ ಹಾಕಿಟ್ಟ ಕೇಪರ್ ಮೊಗ್ಗು, ಬಾದಾಮಿ, ದಪ್ಪ ಸಿಪ್ಪೆಯ ನಿಂಬೆ. ಮುದುಕನೊಬ್ಬ ಟೊಮೆಟೊವನ್ನು ಎರಡು ಹೋಳು ಮಾಡಿ, ಬೆರಳಿನಿಂದ ಉಪ್ಪು ಉದುರಿಸಿ, ಏನೂ ಹೇಳದೆ ನನ್ನತ್ತ ಚಾಚಿದ. ತಿಂದ ಮೇಲೆ ಕೊಳ್ಳದೇ ಬರಲು ಮನಸ್ಸಾಗಲಿಲ್ಲ. ಬ್ರೆಡ್ಡು, ರಿಕೋಟಾ ಗಿಣ್ಣಿನೊಂದಿಗೆ ಅದೇ ಮಧ್ಯಾಹ್ನದ ಊಟವಾಯಿತು.

ಆದರೆ ನಾನು ಅಷ್ಟು ದೂರ ಹೋದದ್ದು ಊರಿನ ಕಥೆಡ್ರಲ್ ನೋಡಲು. ಚೌಕದ ಕಡೆಯಿಂದ ನೋಡಿದರೆ ಅದು ಬಿಸಿಲಿಗೆ ಬೆಳ್ಳಗೆ ಹೊಳೆಯುವ ಬರೋಕ್ ಚರ್ಚು. 1693ರ ಭೂಕಂಪದಲ್ಲಿ ಹಳೆಯ ಮುಂಭಾಗ ಉರುಳಿದ್ದರಿಂದ 18ನೆಯ ಶತಮಾನದಲ್ಲಿ ಹೊಸದಾಗಿ ಕಟ್ಟಿದ್ದು. ಚೆಂದವೇ, ಸಂಶಯವಿಲ್ಲ. ಆದರೆ ಎಡಬದಿಯ ಮಿನರ್ವಾ ಬೀದಿಗೆ ತಿರುಗಬೇಕು. ಗೋಡೆಯ ಒಳಗಿನಿಂದ ಭಾರಿ ಡೋರಿಕ್ ಶೈಲಿಯ ಗ್ರೀಕ್ ಕಂಬಗಳು ಬಡಕಲು ಮೈಯ ಪಕ್ಕೆಲುಬುಗಳಂತೆ ಎದ್ದು ಕಾಣುತ್ತವೆ. ಕ್ರಿ.ಪೂ. 480ರಲ್ಲಿ ಹಿಮೆರಾದ ಬಳಿ ಕಾರ್ಥೇಜಿನ ಸೇನೆಯನ್ನು ಸೋಲಿಸಿದ ಗೆಲೋನ್ ಎಂಬ ದೊರೆ ಅಥೀನಾ ದೇವಿಗೆ ಕಟ್ಟಿಸಿದ ಗುಡಿಯ ಕಂಬಗಳವು. 7ನೆಯ ಶತಮಾನದಲ್ಲಿ ಗುಡಿಯನ್ನು ಚರ್ಚ್ ಮಾಡುವಾಗ ಯಾರೂ ಅದನ್ನು ಕೆಡವಲಿಲ್ಲ. ಹೊರಸಾಲಿನ ಕಂಬಗಳ ನಡುವಿನ ತೆರವಿಗೆ ಗೋಡೆ ಕಟ್ಟಿದರು. ಗರ್ಭಗುಡಿಯ ಗೋಡೆಗಳಲ್ಲಿ ಸಾಲಾಗಿ ಕಮಾನು ಕೊರೆದು ಒಳಗೆ ಜಾಗ ಮಾಡಿಕೊಂಡರು. ಮುಚ್ಚಿದ್ದನ್ನು ತೆರೆದರು, ತೆರೆದದ್ದನ್ನು ಮುಚ್ಚಿದರು, ಗುಡಿಯ ಅಸ್ಥಿ ಹಾಗೆಯೇ ಉಳಿಯಿತು.

ಒಳಗೆ ಹೋದೆ. ಕಂಬದ ಬುಡ ಅಪ್ಪಿಕೊಳ್ಳಲಾಗದಷ್ಟು ದಪ್ಪ. ಮೈಗುಂಟ ಇಳಿಯುವ ತೋಡುಗಳ ಅಂಚು ಮೇಲೆ ಇನ್ನೂ ಚೂಪಾಗಿದೆ. ಮನುಷ್ಯರ ಭುಜ ತಾಗುವ ಎತ್ತರದಲ್ಲಿ ಮಾತ್ರ ಸವೆದು ನುಣ್ಣಗಾಗಿದೆ. ಕೆಲವು ಕಂಬಗಳು ಭೂಕಂಪಗಳ ಹೊಡೆತಕ್ಕೆ ಸ್ಥಾನ ತಪ್ಪಿವೆ. ಅಂಗೈ ಇಟ್ಟಾಗ ಹೊರಗಿನ ಸುಡುಬಿಸಿಲಿನಲ್ಲೂ ಕಲ್ಲು ತಣ್ಣಗಿತ್ತು. ಅಥೀನಾಳ ಭಕ್ತರು, ಬೈಜಾಂಟಿಯನ್ ಪಾದ್ರಿಗಳು, 878ರಲ್ಲಿ ಊರು ಗೆದ್ದ ಅರಬರು, ಅವರ ನಂತರದ ನಾರ್ಮನ್ನರು, ಇವತ್ತಿನ ಸಂಜೆಯ ಪೂಜೆಗೆ ಕುರ್ಚಿ ಜೋಡಿಸುತ್ತಿದ್ದ ಹೆಂಗಸು: ಎಲ್ಲರಿಗೂ ನೆರಳು ಕೊಟ್ಟದ್ದು ಇವೇ ಕಂಬಗಳು. ನನ್ನ ಕಣ್ಣು ತುಂಬಿ ಬಂತು. ಯಾರಿಗೂ ವಿವರಣೆ ಕೊಡಬೇಕಾಗಿರಲಿಲ್ಲ, ಅಲ್ಲಿಯೇ ಬೆಂಚಿನ ಮೇಲೆ ಕುಳಿತುಬಿಟ್ಟೆ.

ಇದೇ ಗುಡಿಯಲ್ಲಿ ಚಿನ್ನ ಮತ್ತು ದಂತದ ಕೆಲಸವಿದ್ದ ಬಾಗಿಲುಗಳೂ, ಕುದುರೆ ಸವಾರರ ಯುದ್ಧದ ವರ್ಣಚಿತ್ರಗಳೂ, ಸಿಸಿಲಿಯ ದೊರೆಗಳ ಭಾವಚಿತ್ರಗಳೂ ಇದ್ದವು. ರೋಮಿನ ರಾಜ್ಯಪಾಲ ವೆರ್ರೆಸ್ ಎಲ್ಲವನ್ನೂ ದೋಚಿದ. ಕ್ರಿ.ಪೂ. 70ರಲ್ಲಿ ಅವನ ವಿರುದ್ಧ ರೋಮಿನ ವಾಗ್ಮಿ ಸಿಸೆರೊ ಹೂಡಿದ ಮೊಕದ್ದಮೆಯ ದೆಸೆಯಿಂದ ಆ ಪಟ್ಟಿ ನಮಗೆ ಉಳಿದಿದೆ, ವಸ್ತುಗಳು ಉಳಿದಿಲ್ಲ. ಒರ್ತಿಜಿಯಾದಲ್ಲಿ ಬೆಲೆಬಾಳುವುದನ್ನು ಹೊತ್ತುಕೊಂಡು ಹೋದರು, ಬಳಕೆಗೆ ಬಂದದ್ದನ್ನು ಉಳಿಸಿಕೊಂಡರು. ಸ್ಮಾರಕವೆಂದು ಬೇಲಿ ಹಾಕಿದ ಕಟ್ಟಡಕ್ಕಿಂತ, ಹೊಸಬರು ಬಂದು ಸಂಸಾರ ಹೂಡಿದ ಕಟ್ಟಡವೇ ಹೆಚ್ಚು ಕಾಲ ಬಾಳುತ್ತದೆ ಎಂದು ನನಗೆ ಅಲ್ಲಿ ದೃಢವಾಗಿ ಅನಿಸಿತು.

ಪೂರ್ವದ ಜುದೆಕ್ಕಾ ಬಡಾವಣೆಗೆ ಹೋದಾಗ ಈ ನೆಮ್ಮದಿ ಕದಡಿತು. ಇದು ಯೆಹೂದಿಗಳ ಕೇರಿಯಾಗಿತ್ತು. ಕೈ ಚಾಚಿದರೆ ಎರಡೂ ಬದಿಯ ಗೋಡೆ ಸಿಗುವಷ್ಟು ಇಕ್ಕಟ್ಟಾದ ಓಣಿಗಳು, ತಲೆಯ ಮೇಲೆ ಒಣಗಲು ಹಾಕಿದ ಬಟ್ಟೆ. ಒಂದು ಹಳೆಯ ಮನೆಯ ಕೆಳಗೆ ಅವರ ಶುದ್ಧಿಸ್ನಾನದ ಕೊಳಗಳಿವೆ. ಬಂಡೆಯಲ್ಲಿ ಕಡಿದ ಮೆಟ್ಟಿಲುಗಳು ಸುಮಾರು 18 ಮೀಟರ್ ಆಳಕ್ಕೆ ಇಳಿಯುತ್ತವೆ. ತಳದಲ್ಲಿ ನಾಲ್ಕು ಕಂಬಗಳ ಕೋಣೆ, ನಡುವೆ ಕೊಳಗಳು, ತಿಳಿನೀರು ಈಗಲೂ ಒಸರುತ್ತಿದೆ. 1492ರಲ್ಲಿ ಸ್ಪೇನಿನ ದೊರೆಗಳು ಯೆಹೂದಿಗಳನ್ನು ಹೊರಹಾಕುವ ಆಜ್ಞೆ ಹೊರಡಿಸಿದಾಗ ಸಿಸಿಲಿಯೂ ಅದಕ್ಕೆ ಸೇರಿತ್ತು. ಹೋಗುವ ಮುಂಚೆ ಅವರು ಈ ಜಾಗಕ್ಕೆ ಮಣ್ಣು ತುಂಬಿ ಮುಚ್ಚಿದರೆಂದು ಕರೆದೊಯ್ದ ಯುವತಿ ಹೇಳಿದಳು. ಮನೆಯ ದುರಸ್ತಿಗೆಂದು ಕಳೆದ ಶತಮಾನದ ಕೊನೆಯ ಭಾಗದಲ್ಲಿ ಅಗೆದಾಗಲೇ ಅದು ಮತ್ತೆ ಬೆಳಕು ಕಂಡಿದ್ದು. “ಅವರ ಮನೆತನದವರು ಯಾರಾದರೂ ನೋಡಲು ಬರುತ್ತಾರೆಯೇ?” ಎಂದು ಕೇಳಿದೆ. “ಯೆಹೂದಿಗಳು ಬರುತ್ತಾರೆ, ಮೇಡಂ. ಇಲ್ಲಿಯವರ ವಂಶದವರು ಎಂದು ಯಾರು ಹೇಳಬಲ್ಲರು?” ಎಂದಳು. ಕಂಬಗಳಿಗೆ ಅಷ್ಟೊಂದು ಆಸರೆ ಕೊಟ್ಟ ಊರು ತನ್ನದೇ ನೆರೆಹೊರೆಯವರಿಗೆ ಆಸರೆ ಕೊಡಲಿಲ್ಲ. ಗುಡಿ ಉಳಿದುದಕ್ಕೆ ಪಟ್ಟ ಸಂತೋಷದಷ್ಟೇ ನಿಜವಾದ ಸಂಕಟ ಇದು.

ಮೇಲೆ ಬಂದು ಪಶ್ಚಿಮದ ಕಡಲ ದಂಡೆಗೆ ನಡೆದೆ. ಸಮುದ್ರದಿಂದ ಕೆಲವೇ ಹೆಜ್ಜೆ ದೂರದಲ್ಲಿ ಅರೆತೂಸಾ ಚಿಲುಮೆ. ನದಿದೇವ ಅಲ್ಫಿಯಸ್ ಬೆನ್ನಟ್ಟಿದಾಗ ಗ್ರೀಸಿನಿಂದ ತಪ್ಪಿಸಿಕೊಂಡ ಅಪ್ಸರೆ ಕಡಲಡಿಯಲ್ಲಿ ಹರಿದು ಇಲ್ಲಿ ಚಿಮ್ಮಿದಳೆಂಬುದು ಕತೆ. ಕಲ್ಲಿನ ಗೋಡೆಯಿಲ್ಲದಿದ್ದರೆ ಅಲೆಗಳು ಇದನ್ನು ಪೂರ್ತಿ ನುಂಗುತ್ತಿದ್ದವು ಎಂದು ಸಿಸೆರೊ ಬರೆದಿದ್ದಾನೆ. ಗೋಡೆ ಇವತ್ತಿಗೂ ಅದೇ ಕೆಲಸ ಮಾಡುತ್ತಿದೆ. 1798ರಲ್ಲಿ ನೈಲ್ ಕಾಳಗಕ್ಕೆ ಮುನ್ನ ಬ್ರಿಟಿಷ್ ನೌಕಾಧಿಪತಿ ನೆಲ್ಸನ್ ತನ್ನ ನೌಕಾಪಡೆಗೆ ನೀರು ತುಂಬಿಸಿಕೊಂಡದ್ದು ಸಿರಾಕ್ಯೂಸ್‌ನಲ್ಲಿ. ಕೊಳದ ನಡುವೆ, ಹಿಂದೆ ಕಾಗದದಂತೆ ಬರೆಯಲು ಬಳಸುತ್ತಿದ್ದ ಪಪೈರಸ್ ಹುಲ್ಲು ಆಳೆತ್ತರಕ್ಕೆ ಬೆಳೆದಿದೆ, ಬಾತುಕೋಳಿಗಳು ಅದರ ಬುಡದಲ್ಲಿ ನುಸುಳುತ್ತವೆ. ಕನ್ನಡತಿಯಾದ ನನಗೆ ಪಪೈರಸ್ ಎಂದರೆ ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತ ಆ ಗ್ರೀಕ್ ಪ್ರಹಸನವೇ ಮೊದಲು ನೆನಪಾಗುವುದು. ಅದರಲ್ಲಿ ಕನ್ನಡದ ಮಾತುಗಳಿವೆಯೆಂದು ಶಾಮಾಶಾಸ್ತ್ರಿಗಳೂ ಗೋವಿಂದ ಪೈಗಳೂ ವಾದಿಸಿದರು. ಒಪ್ಪದ ವಿದ್ವಾಂಸರೂ ಇದ್ದಾರೆ. ವಾದ ಏನೇ ಇರಲಿ, ಅಂಥ ಬರಹವನ್ನು ಹೊತ್ತ ಗಿಡವನ್ನು ಬೇರುಸಹಿತ ಜೀವಂತವಾಗಿ ಕಂಡದ್ದು ಅದೇ ಮೊದಲು. ಮುಮ್ಮೂಲೆಯ ಹಸಿರು ದಂಟು, ತುದಿಯಲ್ಲಿ ಕೂದಲಿನಷ್ಟು ತೆಳುವಾದ ಎಳೆಗಳ ಗೊಂಚಲು.

ದ್ವೀಪದ ದಕ್ಷಿಣ ತುದಿಯಲ್ಲಿ ಮಾನಿಯಾಚೆ ಕೋಟೆ, 13ನೆಯ ಶತಮಾನದಲ್ಲಿ ಚಕ್ರವರ್ತಿ ಎರಡನೆಯ ಫ್ರೆಡರಿಕ್ ಕಟ್ಟಿಸಿದ್ದು. 1704ರಲ್ಲಿ ಸಿಡಿಮದ್ದಿನ ಸ್ಫೋಟವಾಗಿ ಒಳಭಾಗದ ಬಹುಪಾಲು ಹಾಳಾಯಿತು. ಹೆಬ್ಬಾಗಿಲಿನ ಎರಡೂ ಬದಿಯ ಪೀಠಗಳು ಖಾಲಿ ಇವೆ. ಅಲ್ಲಿ ಗ್ರೀಕರ ಕಾಲದ ಎರಡು ಕಂಚಿನ ಟಗರುಗಳಿದ್ದವಂತೆ. ಅವನ್ನೂ ಊರಿನಿಂದ ಒಯ್ದರು. ಒಂದು 1848ರ ದಂಗೆಯಲ್ಲಿ ನಾಶವಾಯಿತು, ಇನ್ನೊಂದು ಪಲೆರ್ಮೊದ ಪುರಾತತ್ತ್ವ ಸಂಗ್ರಹಾಲಯದಲ್ಲಿದೆ. ಮರುದಿನ ನಾನು ಬೇರೆ ಊರಿಗೆ ಹೋಗುವುದೆಂದಿತ್ತು. ಕೇಳಬೇಕಾದವರು ಯಾರೂ ಇರಲಿಲ್ಲ. ಸೇತುವೆಯಾಚೆಯ ನಿಲ್ದಾಣಕ್ಕೆ ಹೋಗಿ ಪಲೆರ್ಮೊಗೆ ಬೆಳಗಿನ ಬಸ್ಸಿನ ಟಿಕೆಟ್ ಕೊಂಡೆ.